ಸಂಡಿಗೆ ಗೆರೆಯ ಆಚೆಯಿಂದ

ದಾವಣಗೆರೆ, ಹತ್ತಿಮಿಲ್ ಬಡಾವಣೆ, ನಾಲ್ಕನೇ ಸಾಲು
ಫೆಬ್ರವರಿ ೩೦, ೨೧೪೧

ಕೊಟ್ರಕ್ಕನವರಿಗೆ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಮೇ ತಿಂಗಳು ಜನರನ್ನು ಕೊಲ್ಲತೊಡಗಿದಾಗ, ಆ ತಿಂಗಳೇ ಬೇಡ, ತೆಗೆದುಹಾಕಿ ಎಂದು ಒಂದು ಗುಂಪು ಹಟ ಹಿಡಿಯಿತಂತೆ. ಕ್ಯಾಲೆಂಡರ್ ಮುಟ್ಟಿದರೆ ಜೋಕೆ ಎಂದು ಇನ್ನೊಂದು ಗುಂಪು. ಕೊನೆಗೆ ಹಿರಿಯರು ಕೂತು ರಾಜಿ ಮಾಡಿಸಿ, ಮೇ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಎರಡೂ ಕಡೆಯವರು ಸಿಹಿ ಹಂಚಿದರಂತೆ. ಬಿಸಿಲು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲವಲ್ಲ, ಅದು ತನ್ನ ಪಾಡಿಗೆ ತಾನು ಬಂತು. ನಮ್ಮ ಊರಿನವರಿಗೆ ರಾಜಿ ಎಂದರೆ ಅಷ್ಟು ಪ್ರೀತಿ, ನಿಮ್ಮಿಂದಲೇ ಬಂದದ್ದು ಎಂದು ಕಾಣುತ್ತದೆ.

ನನ್ನ ಮಾತಿನಲ್ಲಿ ನಿಮಗೆ ವಿಚಿತ್ರವೆನಿಸುವ ಪದಗಳು ಬರುತ್ತವೆ, ಕ್ಷಮಿಸಬೇಕು. ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ನಿಮ್ಮ ಮಾತುಗಳೂ ನಮಗೆ ಹಾಗೇ. ನಿಮ್ಮ ಕಾಲದವರು ಬೆಳಗ್ಗೆ ಜಗಲಿಯ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಮ್ಮ ಮಕ್ಕಳು ನಂಬುವುದಿಲ್ಲ. ಬೇಕೆಂದೇ ಹೋಗಿ ಬಿಸಿಲಲ್ಲಿ ಕೂರುತ್ತಿದ್ದರೇ ಎಂದು ಬಾಯಿ ತೆರೆದುಕೊಂಡು ನೋಡುತ್ತವೆ.

ನನ್ನ ಹೆಸರು ಇಬ್ಬನಿ. ನಮ್ಮಲ್ಲಿ ಯಾರೂ ಮಕ್ಕಳಿಗೆ ರವಿ, ಭಾಸ್ಕರ, ಉಷಾ, ಪ್ರಭಾ ಎಂದು ಹೆಸರಿಡುವುದಿಲ್ಲ, ಇಟ್ಟರೆ ಅಜ್ಜಿಯಂದಿರು ತೊಟ್ಟಿಲ ಮುಂದೆಯೇ ಜಗಳ ತೆಗೆಯುತ್ತಾರೆ. ನನ್ನ ಗಂಡ ಹಾಲೇಶ, ಬಿದಿರು ಕಟ್ಟುವ ಕೆಲಸದವನು. ಮಗಳು ಸೋನೆ, ಏಳು ವರ್ಷ. ನಾವು ಮೂವರೂ ಇರುವುದು ನಿಮ್ಮ ಮನೆಯಲ್ಲಿ. ನಾವು ನಿಮ್ಮ ವಂಶದವರಲ್ಲ, ಮನೆ ಎಷ್ಟೋ ಕೈ ದಾಟಿ ನಮಗೆ ಬಂದಿದೆ. ಆದರೂ ನಿಮ್ಮ ಹಿತ್ತಲ ಬಾಗಿಲಿನ ಸೀಳಿದ ಹೊಸ್ತಿಲು ಹಾಗೇ ಇದೆ, ಅದಕ್ಕೆ ಎಡವಿ ನನ್ನ ಕಾಲ್ಬೆರಳು ವರ್ಷಕ್ಕೊಮ್ಮೆಯಾದರೂ ಒಡೆಯುತ್ತದೆ. ಮಾಳಿಗೆಯ ನಾಲ್ಕು ಮೂಲೆಯಲ್ಲಿ, ಮುಂದೊಂದು ದಿನ ಮೇಲೆ ಇನ್ನೊಂದು ಮನೆ ಕಟ್ಟೋಣ ಎಂದು ನೀವು ಬಿಟ್ಟಿದ್ದ ಕಂಬಿಗಳೂ ಇವೆ. ಆ ಮನೆ ಯಾರೂ ಕಟ್ಟಲಿಲ್ಲ. ಆದರೆ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಆ ಕಂಬಿಗಳಿಗೆ ಹರಳೆಣ್ಣೆ ಸವರುವುದು ಈ ಮನೆಯಲ್ಲಿ ಇದ್ದವರೆಲ್ಲ ಮಾಡಿಕೊಂಡು ಬಂದ ಪದ್ಧತಿ. ಹೋದ ವಾರ ನಾನೇ ಸವರಿದೆ.

ಈ ಓಲೆ ಯಾಕೆ ಎಂದರೆ, ನಾಳೆ ನಾನು ನೀವಾಗಬೇಕು. ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ ಬೇಸಿಗೆ ಶುರುವಾಗುವಾಗ ‘ಒಪ್ಪಂದದಾಟ’ ನಡೆಯುತ್ತದೆ. ಹತ್ತಿಮಿಲ್ಲಿನ ಬಯಲಿನಲ್ಲಿ ಎಷ್ಟು ಮಹಡಿ ಏಳಬೇಕು ಎಂದು ನಿಮ್ಮ ಕಾಲದಲ್ಲಿ ನಡೆದ ಸಭೆಯನ್ನು ನಾವು ಮತ್ತೆ ಆಡಿ ತೋರಿಸುತ್ತೇವೆ. ಕಟ್ಟಡದ ಮಾಲೀಕ ಪಾಲಾಕ್ಷಪ್ಪ, ಬಡಾವಣೆ ಸಂಘದ ಅಧ್ಯಕ್ಷ ಚಿದಾನಂದಯ್ಯ, ಸಂಡಿಗೆ ಕೊಟ್ರಮ್ಮ ಎಂದರೆ ನೀವು, ಈ ಮೂರು ವೇಷ. ನಿಮ್ಮ ವೇಷ ಯಾವಾಗಲೂ ನಾಲ್ಕನೇ ಸಾಲಿನ ಹೆಂಗಸಿಗೇ. ವೇಷ ಹಾಕುವವರು ಹಿಂದಿನ ದಿನ ತಮ್ಮ ಹಿರಿಯರಿಗೆ ಓಲೆ ಬರೆದು ಅಪ್ಪಣೆ ಕೇಳಿ, ಅವರಿದ್ದ ಮನೆಯ ಗೋಡೆಯ ಬಿರುಕಿನಲ್ಲಿ ಇಡಬೇಕು. ಅದು ಹಿರಿಯರಿಗೆ ಮುಟ್ಟುತ್ತದೆ ಎಂದು ನಂಬುವವರು ನಂಬುತ್ತಾರೆ, ಉಳಿದವರು ಪದ್ಧತಿ ಬಿಡಬಾರದು ಎಂದು ಇಡುತ್ತಾರೆ. ಎಲ್ಲರೂ ಎರಡು ಸಾಲು ಗೀಚಿ ಕೈ ತೊಳೆದುಕೊಳ್ಳುವುದೇ ವಾಡಿಕೆ. ನನ್ನದು ಉದ್ದವಾಗುತ್ತಿದೆ, ಯಾಕೆಂದರೆ ನನಗೆ ಹೆದರಿಕೆಯಾಗಿದೆ, ಹೇಳಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ.

ಈಗ ನಡುಮಧ್ಯಾಹ್ನ ಕಳೆದಿದೆ. ಸೋನೆ ಪಕ್ಕದಲ್ಲಿ ಒದ್ದೆ ಚಾಪೆಯ ಮೇಲೆ ಮಲಗಿದ್ದಾಳೆ. ಹಣೆ ಮುಟ್ಟಿ ನೋಡಿದೆ, ಬೆವರಿದೆ. ಒಳ್ಳೆಯದು.

ನಮ್ಮ ದಿನ ಹೇಗೆ ನಡೆಯುತ್ತದೆ ಎಂದು ಹೇಳದಿದ್ದರೆ ನನ್ನ ಹೆದರಿಕೆ ನಿಮಗೆ ಅರ್ಥವಾಗುವುದಿಲ್ಲ. ನಾವು ಬೆಳಕು ಹರಿಯುವ ಮೊದಲೇ ಎದ್ದು ನೀರು, ಅಡುಗೆ, ಪಾಠ, ವ್ಯಾಪಾರ ಎಲ್ಲ ಮುಗಿಸಿಕೊಳ್ಳುತ್ತೇವೆ. ಹನ್ನೊಂದರಿಂದ ಐದರವರೆಗೆ ‘ಉರಿಹೊತ್ತು’. ಆಗ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಕರೆಂಟು ಬರುವುದು ರಾತ್ರಿ ಸ್ವಲ್ಪ ಹೊತ್ತು, ಹಗಲಿನದ್ದೆಲ್ಲ ಆಸ್ಪತ್ರೆಗೆ ಮತ್ತು ನೀರೆತ್ತಲು ಹೋಗುತ್ತದೆ. ನೆಲದಡಿ ಮನೆ ಮಾಡೋಣ ಎಂದರೆ ನಮ್ಮದು ಎರೆಭೂಮಿ, ತೋಡಿದಷ್ಟೂ ಬಿರಿದು ಕುಸಿಯುತ್ತದೆ, ನಿಮಗೇ ಗೊತ್ತು. ಸಿಮೆಂಟು ಸುಡುವುದನ್ನು ನಿಲ್ಲಿಸಿ ಮೂರು ತಲೆಮಾರು ಕಳೆದಿದೆ. ಆದ್ದರಿಂದ ನೀವು ಕಟ್ಟಿ ಬಿಟ್ಟುಹೋದದ್ದು ಎಷ್ಟಿದೆಯೋ ಅಷ್ಟೇ ನಮ್ಮ ಪಾಲಿಗೆ. ಅದರ ಮೇಲೆ ಒಂದು ಗೋಡೆ ಏರಿಸುವ ಯೋಗ್ಯತೆ ನಮಗಿಲ್ಲ.

ಹಾಗಾಗಿ ನಾವು ಬದುಕುವುದು ನೆರಳಿನಲ್ಲಿ. ನಿಮ್ಮ ಸಭೆಯಲ್ಲಿ ಒಪ್ಪಿಕೊಂಡ ಆ ಹನ್ನೊಂದು ಮಹಡಿ ಇದೆಯಲ್ಲ, ಅದನ್ನು ನಾವು ‘ಹನ್ನೊಂದು’ ಎಂದೇ ಕರೆಯುತ್ತೇವೆ. ಅದು ನಮಗೆ ಪಡುವಣದಲ್ಲಿದೆ. ಹೊತ್ತು ವಾಲಿದಂತೆ ಅದರ ನೆರಳು ನಮ್ಮ ಕಡೆ ಹರಿದುಬರುತ್ತದೆ. ಮೊದಲ ಸಾಲಿನ ಮನೆಗಳಿಗೆ ಎರಡೂವರೆ ಸುಮಾರಿಗೆ ಬರುತ್ತದೆ, ಎರಡನೆಯದಕ್ಕೆ ಆಮೇಲೆ, ನಾಲ್ಕು ಹೊಡೆಯುವಷ್ಟರಲ್ಲಿ ಮೂರನೇ ಸಾಲು ಮುಗಿಯುತ್ತದೆ. ಅಲ್ಲಿಗೆ ಬೀದಿಯ ಮೇಲೆ ಒಂದು ಬಿಳಿ ಗೆರೆ. ನಾಲ್ಕು ಗಂಟೆಗೆ ನೆರಳು ಸರಿಯಾಗಿ ಆ ಗೆರೆಗೆ ಬಂದು ನಿಲ್ಲುತ್ತದೆ. ಗೆರೆಯ ಆಚೆ ನಾವು. ನಮಗೆ ನೆರಳು ಸಿಗುವುದು ಉರಿಹೊತ್ತು ಮುಗಿದ ಮೇಲೆ, ಊಟವಾದ ಮೇಲೆ ಎಲೆ ಹಾಕಿದ ಹಾಗೆ.

ಆ ಗೆರೆಗೆ ‘ಸಂಡಿಗೆ ಗೆರೆ’ ಎಂದು ಹೆಸರು. ಸಂಡಿಗೆ ಎಂದರೆ ಏನು ಎಂದು ನಮ್ಮಲ್ಲಿ ಮುಕ್ಕಾಲು ಮಂದಿಗೆ ಗೊತ್ತಿಲ್ಲ. ಮೂರನೇ ಸಾಲಿನವರು ಅದು ಗಡಿ ಕಾಯುವ ದೇವತೆ ಎಂದು ನಂಬಿ ಗೆರೆಗೆ ಅರಿಶಿನ ಹಚ್ಚುತ್ತಾರೆ. ನನ್ನ ಅಜ್ಜಿ ಮಾತ್ರ ಅದು ತಿನ್ನುವ ಪದಾರ್ಥ, ಬೂದುಗುಂಬಳ ಎಂಬ ಕಾಯಿ ತುರಿದು, ಭತ್ತದ ಅರಳು ಬೆರೆಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಕರಿದರೆ ಹೂವಿನ ಹಾಗೆ ಅರಳುತ್ತಿತ್ತು ಎನ್ನುತ್ತಿದ್ದಳು. ಅದನ್ನು ಮಾಡಿ ಮಾರಿ ನೀವು ಇಬ್ಬರು ಮಕ್ಕಳನ್ನು ಸಾಕಿದಿರಿ ಎಂದೂ ಹೇಳುತ್ತಿದ್ದಳು. ಅದಕ್ಕೇ ಆಟದಲ್ಲಿ ನಿಮ್ಮನ್ನು ಜಗಳಗಂಟಿಯಾಗಿ ತೋರಿಸಿ ಜನ ನಗುವಾಗ ನನಗೆ ಸಿಟ್ಟು ಬರುತ್ತದೆ. ಬಿಸಿಲೇ ನಿಮ್ಮ ಅನ್ನವಾಗಿತ್ತು, ಅನ್ನಕ್ಕಾಗಿ ಯಾರು ಜಗಳವಾಡುವುದಿಲ್ಲ?

ಸಭೆ ನಮಗೆ ಬಂದಿರುವುದು ಹೀಗೆ. ತಪ್ಪಿದ್ದರೆ ತಿದ್ದಿಕೊಳ್ಳಿ. ಪಾಲಾಕ್ಷಪ್ಪ ಹದಿನೆಂಟು ಮಹಡಿ ಕಟ್ಟುತ್ತೇನೆ ಎಂದು ಬಂದ. ಬಡಾವಣೆಯವರು ನಾಲ್ಕಕ್ಕಿಂತ ಒಂದು ಇಟ್ಟಿಗೆ ಜಾಸ್ತಿಯಾಗಬಾರದು ಎಂದರು. ಇಬ್ಬರೂ ಪಟ್ಟು ಬಿಡಲಿಲ್ಲ. ಕೋರ್ಟಿಗೆ ಹೋಗುತ್ತೇವೆ, ಹೋಗಿ, ಎಂದು ಮಾತಿಗೆ ಮಾತು ಬೆಳೆಯಿತು. ಆಗ ಚಿದಾನಂದಯ್ಯ ಎದ್ದುನಿಂತು ಹದಿನೆಂಟನ್ನೂ ನಾಲ್ಕನ್ನೂ ಕೂಡಿಸಿ ಅರ್ಧ ಮಾಡಿ ಹನ್ನೊಂದು ಎಂದ. ಯಾಕೆ ಹನ್ನೊಂದು ಎಂದು ಯಾರೂ ಕೇಳಲಿಲ್ಲ. ಅರ್ಧ ಎಂದರೆ ನ್ಯಾಯ ಎಂದು ಎಲ್ಲರಿಗೂ ಅನ್ನಿಸಿತು. ನೀವೊಬ್ಬರೇ ಎದ್ದು, ಲೆಕ್ಕ ಆಮೇಲೆ, ಮೊದಲು ನೆರಳು ಎಲ್ಲಿ ಬೀಳುತ್ತದೆ ತೋರಿಸಿ ಎಂದಿರಿ. ಹನ್ನೊಂದು ಮಹಡಿಯ ಎತ್ತರಕ್ಕೆ ದೊಡ್ಡದೊಂದು ಕೆಂಪು ಬಲೂನು ಹಾರಿಸಿ, ಅದರ ನೆರಳಿನ ಹಿಂದೆ ಇಡೀ ಬಡಾವಣೆ ಬೀದಿಯಲ್ಲಿ ಓಡಿತಂತೆ. ನಾಲ್ಕು ಗಂಟೆಗೆ ನೆರಳು ನಿಂತಲ್ಲಿ ನೀವೇ ಸುಣ್ಣದ ಗೆರೆ ಎಳೆದು, “ನಾಲ್ಕರ ತನಕ ಬಿಸ್ಲು ನಮ್ದು, ಇದರಾಚೆ ನಿನ್ ನೆರಳು ಕಾಲಿಡಂಗಿಲ್ಲ” ಎಂದಿರಿ. ಪಾಲಾಕ್ಷಪ್ಪ ಒಪ್ಪಿದ. ಇಲ್ಲಿಯವರೆಗೆ ನನಗೆ ನಿಮ್ಮ ಮೇಲೆ ಯಾವ ದೂರೂ ಇಲ್ಲ.

ಎಲ್ಲರೂ ಏಳುವ ಹೊತ್ತಿಗೆ ನೀವು ಇನ್ನೊಂದು ಮಾತು ಹೇಳಿದಿರಿ. ಆಟದ ಕೊನೆಯ ಮಾತು ಅದೇ. ನಮ್ಮ ಬಡಾವಣೆಯ ಮಕ್ಕಳು ಅಕ್ಷರ ಕಲಿಯುವ ಮೊದಲು ಅದನ್ನು ಕಲಿಯುತ್ತಾರೆ. “ಇವತ್ತು ಹನ್ನೊಂದು ಅಂತೀರ, ಮೇಲೆ ಕಂಬಿ ಬಿಟ್ಕಂಡು ನಾಳೆ ಹದಿನೆಂಟು ಏರಿಸ್ತೀರ. ನಮ್ಮನೆ ಮ್ಯಾಲೆ ನಾವು ಕಂಬಿ ಯಾಕ್ ಬಿಟ್ಟೀವಿ ಅಂತ ನಮಗ್ ಗೊತ್ತಿಲ್ವ? ಕಂಬಿ ಕತ್ತರ್ಸಿ ಕೊಡ್ರಿ, ಆಮೇಲೆ ಆಯ್ತು ಅಂತೀನಿ.” ಜನ ಚಪ್ಪಾಳೆ ಹೊಡೆದರು. ಪಾಲಾಕ್ಷಪ್ಪ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದ. ಹನ್ನೊಂದನೇ ಮಹಡಿ ಮುಗಿದ ದಿನ ಸಂಘದವರು ಮೇಲೆ ಹತ್ತಿ ನಿಂತು, ಕಂಬದ ತಲೆಯ ಮೇಲಿನ ಕಂಬಿಗಳನ್ನೆಲ್ಲ ಬುಡಕ್ಕೇ ಕತ್ತರಿಸುವುದನ್ನು ಕಣ್ಣಾರೆ ನೋಡಿ, ಇಳಿದುಬಂದು ಪಾಯಸ ಉಂಡರು. ತಾವೆಲ್ಲ ತಂತಮ್ಮ ಮಾಳಿಗೆಯ ಮೇಲೆ ಮೊಮ್ಮಕ್ಕಳ ಕಾಲಕ್ಕೆ ಎಂದು ಕಂಬಿ ಬಿಟ್ಟುಕೊಂಡಿದ್ದವರೇ.

ಸೋನೆಗೆ ಈಗಷ್ಟೇ ನೀರು ಕುಡಿಸಿದೆ. ಇವತ್ತು ಅವಳು ಮನೆಯಲ್ಲಿ ಇರಬಾರದಿತ್ತು. ಗೆರೆಯ ಆಚೆಯವರು ಉರಿಹೊತ್ತಿನಲ್ಲಿ ಮೊದಲ ಸಾಲಿನ ಮನೆಗಳಿಗೆ ‘ನೆರಳು ನೆಂಟರು’ ಆಗಿ ಹೋಗುವ ಪದ್ಧತಿಯಿದೆ. ನಮ್ಮ ಚಾಪೆ ನಾವೇ ಒಯ್ಯಬೇಕು, ನಮ್ಮ ನೀರು ನಾವೇ ಒಯ್ಯಬೇಕು, ಮಕ್ಕಳು ಅಳಬಾರದು, ಮನೆಯವರ ಊಟದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಯಾರೂ ಹೀಗೆ ಮಾಡಿ ಎಂದು ಹೇಳಲಿಲ್ಲ. ಕೊಡುವವರಿಗೂ ಪಡೆಯುವವರಿಗೂ ನಾಚಿಕೆಯಾಗಿ ತಾನೇ ಬೆಳೆದುಬಂದದ್ದು. ಆದರೆ ಆಟಕ್ಕೆ ಎಂದು ಅವರ ಮನೆಗೆ ನಿಜವಾದ ನೆಂಟರು ಬಂದರೆ ನಮಗೆ ಜಾಗವಿರುವುದಿಲ್ಲ. ಬೆಳಗ್ಗೆ ಆ ಮನೆಯಾಕೆ ಬಾಗಿಲಲ್ಲೇ ನಿಂತು, ತಪ್ಪು ತಿಳೀಬೇಡ ಇಬ್ಬನಿ, ಎಂದು ನೆಲ ನೋಡಿದಳು. ತಪ್ಪು ತಿಳಿಯಲು ಏನಿದೆ? ಅವಳಿಗೂ ಮಕ್ಕಳಿವೆ.

ಹೋದ ಬೇಸಿಗೆಯಲ್ಲೂ ಹೀಗೇ ಒಂದು ದಿನ ಮನೆಯಲ್ಲಿ ಉಳಿದಿದ್ದೆವು. ಮೂರು ಗಂಟೆ ದಾಟಿತ್ತು. ಸೋನೆ ಗೋಡೆಯ ಮೇಲೆ ಇದ್ದಿಲಲ್ಲಿ ಏನೋ ಗೀಚುತ್ತಿದ್ದಳು. ಗೀಚುತ್ತ ಗೀಚುತ್ತ ಅಮ್ಮ ಚಳಿ ಎಂದಳು. ಅವಳ ಮೈಮುಟ್ಟಿದರೆ ಕಾದ ಹಂಚು. ಬೆವರು ಪೂರ್ತಿ ನಿಂತುಹೋಗಿತ್ತು. ನಮ್ಮಲ್ಲಿ ಅದಕ್ಕೆ ‘ಒಣಗುವುದು’ ಎನ್ನುತ್ತಾರೆ. ಒಣಗಿದ ಮಕ್ಕಳಲ್ಲಿ ಅರ್ಧಕ್ಕರ್ಧ ಉಳಿಯುವುದಿಲ್ಲ. ಹಾಲೇಶ ಅವಳನ್ನು ಒದ್ದೆ ಕಂಬಳಿಯಲ್ಲಿ ಸುತ್ತಿಕೊಂಡು ಮಾಳಿಗೆಯ ಮೆಟ್ಟಿಲಿಗೆ ಓಡಿದ. ನಿಮ್ಮ ನಾಲ್ಕು ಕಂಬಿಗಳಿಗೆ ಬಿದಿರು ಬಿಗಿದು ಅವನೊಂದು ತಟ್ಟಿ ಕಟ್ಟಿದ್ದಾನೆ, ಅದರಡಿ ಚೂರು ಗಾಳಿಯಾಡುತ್ತದೆ. ಇಡೀ ಮನೆಯಲ್ಲಿ ಉಸಿರಾಡಬಹುದಾದ ಜಾಗ ಅದೊಂದೇ. ಅಲ್ಲಿ ಅವಳನ್ನು ಮಲಗಿಸಿ, ಇದ್ದಬದ್ದ ನೀರನ್ನೆಲ್ಲ ಸುರಿದು, ನೆರಳು ಬರುವವರೆಗೆ ಸೆರಗಿನಿಂದ ಗಾಳಿ ಹಾಕಿದೆವು. ಬದುಕಿದಳು. ಎಡಗೈ ಮಾತ್ರ ಇನ್ನೂ ನಡುಗುತ್ತದೆ, ಲೋಟ ಹಿಡಿದರೆ ಚೆಲ್ಲುತ್ತಾಳೆ. ಆಸ್ಪತ್ರೆಯ ದಾದಿ ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಒಣಗಿದರೆ ಇಲ್ಲಿಗೆ ಕರಕೊಂಡು ಬರುವ ಕಷ್ಟ ತೆಗೆದುಕೊಳ್ಳಬೇಡಿ ಎಂದಳು. ಒರಟಾಗಿ ಹೇಳಲಿಲ್ಲ ಪಾಪ, ಹಾಗೆ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ನಿಮ್ಮ ಕಂಬಿ ನನ್ನ ಮಗಳನ್ನು ಉಳಿಸಿತು ಕೊಟ್ರಕ್ಕ. ಆದರೆ ಮಾಳಿಗೆಯ ಮೇಲಿನ ಒಂದು ತಟ್ಟಿ ಬೇಸಿಗೆಯಿಡೀ ಕಾಪಾಡುವುದಿಲ್ಲ. ಗೋಡೆಗಳು ಕಾಯುತ್ತವೆ, ಬೀದಿ ಕಾಯುತ್ತದೆ, ಕಾದ ಬೀದಿಯ ಗಾಳಿಯೇ ಒಳಗೆ ಬರುತ್ತದೆ. ಬೀದಿಗೆ ಬೀದಿಯೇ ತಣ್ಣಗಾಗಬೇಕಾದರೆ ದೊಡ್ಡ ನೆರಳು ಬೇಕು.

ಅದಕ್ಕೇ ನಾಲ್ಕನೇ ಸಾಲಿನವರೆಲ್ಲ ಸೇರಿ ಈ ವರ್ಷ ಒಂದು ಬೇಡಿಕೆ ಇಟ್ಟೆವು. ‘ಹನ್ನೊಂದ’ರ ನೆತ್ತಿಯ ಮೇಲೆ ಹೆಬ್ಬಿದಿರಿನ ತಟ್ಟಿ ಎಬ್ಬಿಸುವುದು, ಪಾಲಾಕ್ಷಪ್ಪ ಕಟ್ಟದೆ ಬಿಟ್ಟ ಆ ಏಳು ಮಹಡಿಯಷ್ಟು ಎತ್ತರ. ಇಟ್ಟಿಗೆ ಬೇಡ, ಸಿಮೆಂಟು ಬೇಡ, ತಟ್ಟಿ ಸಾಕು. ನೆರಳಿಗೆ ತೂಕ ಬೇಕಿಲ್ಲವಲ್ಲ. ಹಾಗೆ ಮಾಡಿದರೆ ಮೂರೂವರೆಗೆಲ್ಲ ನೆರಳು ಗೆರೆ ದಾಟಿ ನಮ್ಮ ಅಂಗಳಕ್ಕೆ ಬರುತ್ತದೆ. ಸೋನೆ ಒಣಗಿದ ಹೊತ್ತಿಗಿಂತ ಚೂರು ಆಚೆ, ನಿಜ. ಆದರೂ ಬರುತ್ತದೆ ಎಂದು ಗೊತ್ತಿದ್ದರೆ ಅಷ್ಟು ಹೊತ್ತು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡಿರಬಹುದು. ಐದರವರೆಗೆ ಹಿಡಿದುಕೊಳ್ಳುವುದು ಆಗದ ಮಾತು.

ತಟ್ಟಿಯನ್ನು ಯಾವುದಕ್ಕೆ ಕಟ್ಟುವುದು? ಇದನ್ನು ಕೇಳಲು ನಾನು ಹಾಲೇಶನ ಜೊತೆ ಹನ್ನೊಂದನೇ ಮಹಡಿಗೆ ಹೋದೆ. ಅಲ್ಲಿರುವವರು ಗುರುಬಸಪ್ಪಜ್ಜ, ಕಟ್ಟಡದವರಿಗೆಲ್ಲ ಹಿರಿಯರು. ಅವರು ಕೆಟ್ಟವರಿರಬಹುದು ಎಂದು ಸಿದ್ಧವಾಗಿಯೇ ಹೋಗಿದ್ದೆ, ಜಗಳದ ಮಾತುಗಳನ್ನು ಮೆಟ್ಟಿಲ ಮೇಲೆ ಪೋಣಿಸಿಕೊಂಡಿದ್ದೆ. ಅವರು ನಮಗೆ ನೀರು ಕೊಟ್ಟು, ಮೇಲೆ ಕರೆದುಕೊಂಡು ಹೋಗಿ ಒಂದು ಕಂಬದ ತಲೆ ತೋರಿಸಿದರು. ಕಂಬಿ ಬುಡಕ್ಕೇ ಕತ್ತರಿಸಿದ ಕಡೆ ಮಳೆನೀರು ಇಳಿದು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಂಬದ ತಲೆ ಸೀಳಿಹೋಗಿದೆ. ಹಾಲೇಶ ಬೆರಳಿಟ್ಟರೆ ಪುಡಿ ಉದುರಿತು. ಎಲ್ಲ ಕಂಬವೂ ಹಾಗೇ. ಅದಕ್ಕೆ ತೂತು ಕೊರೆದು ಬಿದಿರು ನಿಲ್ಲಿಸಿದರೆ ಮೊದಲ ಉರಿಗಾಳಿಗೇ ಕಂಬದ ತಲೆಯನ್ನೂ ಎಳೆದುಕೊಂಡು ಹೋಗುತ್ತದೆ. ಕೆಳಗೆ ಅವರ ಮೊಮ್ಮಕ್ಕಳು ಮಲಗುವ ಕೋಣೆ.

“ನಿನ್ ಮಗಳ್ ಮ್ಯಾಲೆ ನೆರಳು ಬೀಳ್ಸಾಕ್ ಹೋಗಿ, ನನ್ ಮೊಮ್ಮಕ್ಳ ಮ್ಯಾಲೆ ಚಾವಣಿ ಬೀಳಿಸ್ಲೇನವ್ವ?” ಎಂದು ಕೇಳಿದರು. ನಾವು ಇಳಿಯಲು ಹೊರಟಾಗ ಅವರೇ ಕಂಬದ ಮೇಲೆ ಕೈಯಿಟ್ಟುಕೊಂಡು, “ಒಂದ್ ಮೊಳ ಕಂಬಿ ಬಿಟ್ಟಿದ್ರೂ ಸಾಕಿತ್ತು ಕಣವ್ವ. ಬಿದಿರು ಬಿಗ್ದು ಎಷ್ಟೆತ್ರ ಬೇಕಾದ್ರೂ ಎಬ್ಬಿಸ್ತಿದ್ವಿ” ಎಂದರು. ಹಾಲೇಶ ಮನೆಗೆ ಬಂದು ನಮ್ಮ ಮಾಳಿಗೆಯ ಕಂಬಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಒಂದೂ ಅಲುಗಲಿಲ್ಲ.

ಈಗ ರಾಜಿಯ ವಿಷಯಕ್ಕೆ ಬರುತ್ತೇನೆ. ನಾವು ಏಳು ಮಹಡಿಯ ಎತ್ತರ ಕೇಳಿದೆವು, ಕಟ್ಟಡದವರು ಒಂದು ಗೇಣೂ ಇಲ್ಲ ಎಂದರು. ನಡುವೆ ನಿಂತ ಹಿರಿಯರು ಏಳನ್ನು ಅರ್ಧ ಮಾಡಿದ್ದಾರೆ. ಮೂರೂವರೆ ಮಹಡಿಯ ತಟ್ಟಿ. ಕಂಬಕ್ಕೆ ತೂತು ಬೇಡ, ಬುಡಕ್ಕೆ ಕಲ್ಲು ಹೇರಿ ನಿಲ್ಲಿಸುವುದು. ಎಲ್ಲರೂ ತಲೆಯಾಡಿಸುತ್ತಿದ್ದಾರೆ. ಹಾಲೇಶ ಲೆಕ್ಕ ಹಾಕಿದ್ದಾನೆ, ಮೂರೂವರೆಗೆ ಆ ಅರ್ಧ ತಟ್ಟಿಯ ನೆರಳು ಗೆರೆ ದಾಟಿ ಬಂದು ನಮ್ಮ ಬೀದಿಯ 
ನಡುವೆ ನಿಲ್ಲುತ್ತದೆ. ಒಂದು ಮನೆಯನ್ನೂ ಮುಟ್ಟುವುದಿಲ್ಲ. ಖಾಲಿ ಬೀದಿಗೆ ನೆರಳು. ಕಲ್ಲು ಹೇರಿ ನಿಲ್ಲಿಸಿದ ತಟ್ಟಿ ಏನಾಗುತ್ತದೆ ಎಂದು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೇನೆ. ಉರಿಗಾಳಿ ಅಂಥದ್ದೊಂದನ್ನು ಎತ್ತಿ ಮೊದಲ ಸಾಲಿನ ಒಂದು ಮನೆಯ ಮೇಲೆ ಎಸೆದಿತ್ತು. ಆ ಮನೆಯ ಜಾಗ ಈಗಲೂ ಬಯಲು. ಇದನ್ನೆಲ್ಲ ಹೇಳಿದರೆ ಹಿರಿಯರು ನನ್ನನ್ನು ಮಗುವಿನ ಹಾಗೆ ನೋಡಿ, ಪೂರ್ತಿ ಯಾರಿಗೆ ಸಿಗುತ್ತದೆ ತಾಯಿ, ಅರ್ಧಕ್ಕೆ ಸಮಾಧಾನ ಮಾಡಿಕೋ ಎನ್ನುತ್ತಾರೆ.

ಆಟ ಮುಗಿದ ಮೇಲೆ ವೇಷ ಕಳಚದೆಯೇ ಆ ವರ್ಷದ ತಕರಾರು ಇತ್ಯರ್ಥವಾಗುವುದು ನಮ್ಮ ಪದ್ಧತಿ. ಕೊಟ್ರಮ್ಮನ ವೇಷದವಳು ‘ಆಯ್ತು’ ಎಂದರೆ ಮಾತ್ರ ಒಪ್ಪಂದ. ನಾಳೆ ನಾನು ನಿಮ್ಮ ಹಾಗೆ ಸೆರಗು ಸಿಕ್ಕಿಸಿಕೊಂಡು ನಿಂತು, ಕಂಬಿ ಕತ್ತರ್ಸಿ ಕೊಡ್ರಿ ಎಂದು ಕೂಗಬೇಕು, ಜನ ಚಪ್ಪಾಳೆ ಹೊಡೆಯುತ್ತಾರೆ. ಸೋನೆ ಮುಂದಿನ ಸಾಲಿನಲ್ಲಿ ಕೂತು ನನ್ನ ಜೊತೆಗೇ ತುಟಿಯಾಡಿಸುತ್ತಾಳೆ, ಅವಳಿಗೂ ಬಾಯಿಪಾಠ. ಅದಾದ ಮೇಲೆ ಅರ್ಧ ತಟ್ಟಿಗೆ ಆಯ್ತು ಎನ್ನಬೇಕು. ಎಂದರೆ ಯಾರಿಗೂ ಬೀಳದ ನೆರಳು, ಯಾರ ಮೇಲಾದರೂ ಬೀಳಬಹುದಾದ ತಟ್ಟಿ. ಎನ್ನದಿದ್ದರೆ ಈ ವರ್ಷ ಏನೂ ಇಲ್ಲ. ನನಗೆ ಎರಡೂ ಬೇಡ, ಮೂರನೆಯದು ನನ್ನ ಕೈಯಲ್ಲಿ ಇಲ್ಲ. ಅದು ನಿಮ್ಮ ಕೈಯಲ್ಲಿದೆ.

ಈ ಓಲೆ ಮುಟ್ಟುವಾಗ ನಿಮ್ಮ ಸಭೆ ಇನ್ನೂ ಆಗಿರುವುದಿಲ್ಲ ಎಂಬ ನಂಬಿಕೆಯ ಮೇಲೆ ಕೇಳುತ್ತಿದ್ದೇನೆ. ಹದಿನೆಂಟು ಮಾಡಿ ಎಂದು ನಾನು ಕೇಳುವುದಿಲ್ಲ. ಹನ್ನೊಂದೇ ಇರಲಿ. ನಾಲ್ಕರ ತನಕ ಬಿಸಿಲು ನಿಮಗೇ ಇರಲಿ, ನಿಮ್ಮ ಸಂಡಿಗೆ ಗರಿಗರಿಯಾಗಿ ಒಣಗಲಿ, ನಿಮ್ಮ ಮಕ್ಕಳು ಹೊಟ್ಟೆತುಂಬ ಉಣ್ಣಲಿ. ಆ ಕೊನೆಯ ಮಾತೊಂದನ್ನು ಮಾತ್ರ ಆಡಬೇಡಿ. ಪಾಲಾಕ್ಷಪ್ಪ ಮೋಸ ಮಾಡಬಹುದು ಎಂಬ ಭಯ ನಿಮಗಿದೆ. ಇರಬೇಕಾದದ್ದೇ, ಅವನು ಅಂಥವನೇ ಇದ್ದಿರಬಹುದು. ಅವನನ್ನು ಬೇರೆ ದಾರಿಯಿಂದ ಕಟ್ಟಿಹಾಕಿ. ಬೀದಿಯ ಎಲ್ಲರ ಮುಂದೆ ಆಣೆ ಮಾಡಿಸಿ, ದಿನಾ ಮೇಲೆ ಹತ್ತಿ ಕಾವಲು ಕೂರಿ, ಒಂದು ಇಟ್ಟಿಗೆ ಏರಿಸಿದರೆ ಪೊರಕೆ ಹಿಡಿದು ಹೋಗಿ, ನಿಮಗೆ ಜಗಳ ಹೇಳಿಕೊಡಬೇಕೇ? ಕಂಬಿ ಮಾತ್ರ ಕತ್ತರಿಸದೆ ಬಿಡಿ. ನಿಮ್ಮ ಮಾಳಿಗೆಯ ಕಂಬಿಗೆ ಮಾಡಿದ ಹಾಗೇ ಅದಕ್ಕೂ ತುಕ್ಕು ಹಿಡಿಯದಂತೆ ಸಿಮೆಂಟು ಹಾಲು ಬಳಿಸಿಬಿಡಿ. ಮುಂದಿನದನ್ನು ನಾವು ಎಣ್ಣೆ ಸವರಿ ನೋಡಿಕೊಳ್ಳುತ್ತೇವೆ, ಮಾತು ಕೊಡುತ್ತೇನೆ. ನಿಮ್ಮವನ್ನು ನೋಡಿಕೊಂಡಿಲ್ಲವೇ?

ನನಗೆ ಗೊತ್ತಿರುವುದು ನೀವು ಆಡಿದ ಮಾತು ಮಾತ್ರ. ನೀವು ಬೇರೆ ಆಡಿದ್ದರೆ ನಾವು ಬೇರೆಯದನ್ನೇ ಬಾಯಿಪಾಠ ಮಾಡಿರುತ್ತಿದ್ದೆವು. ಆದ್ದರಿಂದ ನಾಳೆ ಆ ಮಾತಿನ ಜಾಗ ಬಂದಾಗ ನಾನು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಜನ ಮರೆತಳು ಎಂದು ನಗಬಹುದು, ನಗಲಿ. ನಿಮ್ಮ ಬಾಯಿಂದ ಏನು ಬಂದಿದೆಯೋ ಅದೇ ನನ್ನ ಬಾಯಿಗೂ ಬರಲಿ ಎಂದು ಕಾಯುತ್ತೇನೆ. ಅದಕ್ಕೂ ಮೊದಲು ಬೆಳಕು ಹರಿಯುವಾಗ ಸೋನೆಯನ್ನು ಎತ್ತಿಕೊಂಡು ನಿಮ್ಮ ಮಾಳಿಗೆ ಹತ್ತಿ, ‘ಹನ್ನೊಂದ’ರ ನೆತ್ತಿಯ ಕಡೆ ನೋಡುತ್ತೇನೆ. ಅಲ್ಲಿ ಒಂದು ಮೊಳದಷ್ಟು ಏನಾದರೂ ಎದ್ದು ನಿಂತಿದೆಯೇ ಎಂದು.

ಅಪ್ಪಣೆ ಕೊಡಿ.

ನಿಮ್ಮ ಮನೆಯಲ್ಲಿರುವ,
ಇಬ್ಬನಿ

ಓಲೆ ಮಡಿಸುವ ಮೊದಲು ಇನ್ನೊಮ್ಮೆ ಅವಳ ಹಣೆ ಮುಟ್ಟಿದೆ. ಬೆವರು ಕಡಿಮೆಯಾಗಿದೆ. ನಿದ್ದೆಯಲ್ಲೇ ಕಂಬಳಿ ಬೇಕು ಎನ್ನುತ್ತಿದ್ದಾಳೆ. ಹಾಲೇಶನನ್ನು ಕೂಗಿದೆ, ಮೆಟ್ಟಿಲಿಗೆ ಹೋಗುತ್ತಿದ್ದೇವೆ. ನೆರಳು ಇನ್ನೂ ಎರಡನೇ ಸಾಲು ದಾಟಿಲ್ಲ, ಕೊಟ್ರಕ್ಕ.